ತಂಗಿಗೆ ಸಿಸೇರಿಯನ್ ನಿಗದಿಯಾಗಿದೆ: ಹುಟ್ಟಿದ ಮಗು ತಣ್ಣಗಾಗದಂತೆ ಏನು ಮಾಡಬೇಕು?

ಹಾನುಬಾಳಿನ ಅಕ್ಕ
ಸೋಮವಾರ, ರಾತ್ರಿ 9:40

ಎರಡು ವರ್ಷಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ ನನ್ನ ಮಗಳು ಸಿಸೇರಿಯನ್ ಮೂಲಕ ಹುಟ್ಟಿದಳು. ಆಸ್ಪತ್ರೆ ಯಾವುದೆಂದು ಬರೆಯುವುದಿಲ್ಲ. ಬೆನ್ನಿಗೆ ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ನನ್ನ ಹಲ್ಲುಗಳು ಕಟಕಟನೆ ಬಡಿದುಕೊಳ್ಳತೊಡಗಿದವು, ಕೊಠಡಿ ಅಷ್ಟು ತಣ್ಣಗಿತ್ತು. ಮಗುವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ಒಂದು ಕ್ಷಣ ಮುಖ ತೋರಿಸಿ, ಎತ್ತಿಕೊಂಡು ಹೋದರು. ಮತ್ತೆ ಅವಳನ್ನು ನೋಡಿದ್ದು ವಾರ್ಡಿಗೆ ಬಂದ ಮೇಲೆ, ಒಂದೂವರೆ ಗಂಟೆಯ ನಂತರ. ಅಮ್ಮ ಅವಳ ಪಾದ ಮುಟ್ಟಿ, "ಬಾವಿನೀರಿನಲ್ಲಿ ಅದ್ದಿ ತೆಗೆದ ಹಾಗಿದೆಯಲ್ಲೇ" ಎಂದರು. ದಾದಿ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 35.6 ಡಿಗ್ರಿ. ಕೂಡಲೇ ವಾರ್ಮರ್ ಕೆಳಗೆ ಮಲಗಿಸಿದರು, ಹಿಮ್ಮಡಿ ಚುಚ್ಚಿ ರಕ್ತದ ಸಕ್ಕರೆ ನೋಡಿದರು, ಅದೂ ಇಳಿದಿತ್ತು. ಆ ರಾತ್ರಿಯನ್ನು ನಾನು ಮರೆತಿಲ್ಲ.

ಮಗಳು ಈಗ ಚೆನ್ನಾಗಿದ್ದಾಳೆ. ಈ ತಿಂಗಳ ಕೊನೆಗೆ ನನ್ನ ತಂಗಿಯ ಹೆರಿಗೆ. ಮಗು ಕಾಲು ಕೆಳಗಾಗಿದೆ, ಆದ್ದರಿಂದ 39 ವಾರ ತುಂಬಿದ ಮೇಲೆ ಹಾಸನದಲ್ಲಿ ಸಿಸೇರಿಯನ್ ಎಂದು ನಿರ್ಧಾರವಾಗಿದೆ. ಅಮ್ಮನದು ಒಂದೇ ಮಾತು: "ತಾನಾಗಿ ಹುಟ್ಟಿದ ಕೂಸು ಬೆಚ್ಚಗಿರುತ್ತದೆ, ಕೊಯ್ದು ತೆಗೆದ ಕೂಸು ತಣ್ಣಗಾಗುತ್ತದೆ." ಇದು ನಿಜವೇ? ನಿಜವಾದರೆ ನಾವು ಮೊದಲೇ ಮಾಡಬಹುದಾದದ್ದು ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಬರೆಯಿರಿ.


ತರೀಕೆರೆಯ ತಾಯಿ
ಸೋಮವಾರ, ರಾತ್ರಿ 10:05

ನನ್ನ ಮಗನಿಗೂ ಹೀಗೆಯೇ ಆಗಿತ್ತು. ಆಗ ಯಾರೂ ಕಾರಣ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಉತ್ತರಕ್ಕಾಗಿ ನಾನೂ ಕಾಯುತ್ತೇನೆ.


ನಿವೃತ್ತ ದಾದಿ, ಮೂಡಿಗೆರೆ ಕಡೆ
ಮಂಗಳವಾರ, ಬೆಳಿಗ್ಗೆ 6:20

ಹೆರಿಗೆ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ನಿಂತಿದ್ದೇನೆ. ನಿಮ್ಮ ಅಮ್ಮನ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಪೂರ್ತಿ ಸತ್ಯವಲ್ಲ.

ಡಿಸೆಂಬರ್ ತಿಂಗಳ ಬೆಳಗಿನ ಜಾವ ನಮ್ಮ ಕಡೆ ಹುಟ್ಟಿದ ಕೂಸನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೈಗೆ ಬಂದ ಕೂಡಲೇ ಅದರ ಮೈಯಿಂದ ತೆಳುವಾಗಿ ಆವಿ ಏಳುತ್ತದೆ, ದೀಪದ ಬೆಳಕಿನಲ್ಲಿ ಕಣ್ಣಿಗೇ ಕಾಣುತ್ತದೆ. ಆ ಆವಿಯ ಜೊತೆ ಹೋಗುತ್ತಿರುವುದು ಕೂಸಿನ ಕಾವು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ ಅಲ್ಲವೇ? ಒದ್ದೆ ಆರುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಹಾಗಾಗಿ ಮೊದಲ ಕೆಲಸ ಒರೆಸುವುದು. ತಲೆ, ಬೆನ್ನು, ಕಂಕುಳು, ತೊಡೆಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಆ ಒದ್ದೆ ಬಟ್ಟೆಯನ್ನು ಎಸೆದು, ಎರಡನೆಯ ಒಣ ಬಟ್ಟೆ ತೆಗೆದುಕೊಳ್ಳಬೇಕು. ಎಷ್ಟೋ ಕಡೆ ತಪ್ಪಾಗುವುದು ಇಲ್ಲಿಯೇ. ಒರೆಸಿದ ಬಟ್ಟೆಯಲ್ಲಿಯೇ ಸುತ್ತಿಬಿಡುತ್ತಾರೆ. ಸುತ್ತಿದ ಕೂಸು ನೋಡುವುದಕ್ಕೆ ಬೆಚ್ಚಗಿದ್ದಂತೆ ಕಾಣುತ್ತದೆ, ಒಳಗೆ ಒದ್ದೆ ಬಟ್ಟೆ ಮೈಗೆ ಅಂಟಿರುತ್ತದೆ.

ಸಹಜ ಹೆರಿಗೆಯಲ್ಲಿ ನಾನು ಕೂಸನ್ನು ನೇರವಾಗಿ ತಾಯಿಯ ಹೊಟ್ಟೆಯ ಮೇಲೆ ಮಲಗಿಸುತ್ತಿದ್ದೆ. ಒರೆಸುವುದೂ ಅಲ್ಲಿಯೇ, ಹೊಕ್ಕುಳಬಳ್ಳಿ ಕತ್ತರಿಸುವುದೂ ಅಲ್ಲಿಯೇ. ತಾಯಿಯ ಮೈಗಿಂತ ಒಳ್ಳೆಯ ಒಲೆ ಇಲ್ಲ. ಸಿಸೇರಿಯನ್‌ನಲ್ಲಿ ಹೊಟ್ಟೆ ತೆರೆದಿರುತ್ತದೆ. ವೈದ್ಯರ ಕೈಯಿಂದ ದಾದಿಯ ಕೈಗೆ, ದಾದಿಯ ಕೈಯಿಂದ ಮೂಲೆಯ ಮೇಜಿಗೆ, ಅಲ್ಲಿಂದ ತಕ್ಕಡಿಗೆ, ಮತ್ತೆ ಹೊರಗೆ ಕಾಯುತ್ತಿರುವ ನೆಂಟರಿಗೆ ಮುಖ ತೋರಿಸಲು ಓಣಿಗೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಒಂದಿಷ್ಟು ಕಾವು ಸೋರುತ್ತದೆ. ಉಕ್ಕಿನ ತಕ್ಕಡಿಯ ಮೇಲೆ ಬಟ್ಟೆ ಹಾಸದೆ ಮಲಗಿಸಿದರೆ ಕೂಸು ಕೈಕಾಲು ಚಾಚಿ ಬೆಚ್ಚಿಬೀಳುವುದನ್ನು ನೋಡಿದ್ದೇನೆ. ತೂಕವನ್ನು ಒಂದು ಗಂಟೆ ತಡವಾಗಿ ನೋಡಿದರೆ ಯಾರಿಗೂ ನಷ್ಟವಿಲ್ಲ.


ಮಕ್ಕಳ ವೈದ್ಯ, ಚಿಕ್ಕಮಗಳೂರು
ಮಂಗಳವಾರ, ಮಧ್ಯಾಹ್ನ 2:15

ದಾದಿಯವರು ಹೊರಗಿನ ಕಾರಣಗಳನ್ನು ಬಹಳ ಚೆನ್ನಾಗಿ ಹೇಳಿದ್ದಾರೆ. ಒಳಗಿನ ಕಾರಣವನ್ನು ನಾನು ಸೇರಿಸುತ್ತೇನೆ.

ಮೊದಲು ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನವಜಾತ ಶಿಶುವಿನ ಸಹಜ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. ಮನೆಯ ಥರ್ಮಾಮೀಟರ್ ಫ್ಯಾರನ್‌ಹೀಟ್‌ನದಾದರೆ 97.7ರಿಂದ 99.5. 36.0ರಿಂದ 36.4ರವರೆಗೆ ಇದ್ದರೆ ಮಗು ಶೀತದ ಒತ್ತಡದಲ್ಲಿದೆ ಎಂದರ್ಥ. 32ರಿಂದ 35.9ರವರೆಗೆ ಮಧ್ಯಮ ಶೀತಬಾಧೆ, 32ಕ್ಕಿಂತ ಕೆಳಗೆ ತೀವ್ರ. ಹಾನುಬಾಳಿನ ಅಕ್ಕನ ಮಗಳ 35.6 ಮಧ್ಯಮದ ಮೇಲಂಚು. ಕೂಡಲೇ ಗಮನಿಸಿದ್ದು ಅವರ ತಾಯಿಯ ಕೈ. ಒದ್ದೆ ಮಗುವನ್ನು ಹಾಗೆಯೇ ಬಿಟ್ಟರೆ ಮೊದಲ ಹತ್ತಿಪ್ಪತ್ತು ನಿಮಿಷಗಳಲ್ಲಿಯೇ ಉಷ್ಣತೆ 2ರಿಂದ 4 ಡಿಗ್ರಿ ಇಳಿಯಬಹುದು.

ದೊಡ್ಡವರು ಚಳಿಯಾದರೆ ನಡುಗುತ್ತೇವೆ, ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ. ನವಜಾತ ಶಿಶು ಹಾಗೆ ನಡುಗಿ ಮೈ ಕಾಯಿಸಿಕೊಳ್ಳಲಾರದು. ಅದರ ಭುಜದ ಮೂಳೆಗಳ ನಡುವೆ, ಕುತ್ತಿಗೆಯ ಸುತ್ತ, ಮೂತ್ರಪಿಂಡಗಳ ಬಳಿ ಕಂದು ಕೊಬ್ಬು ಎಂಬ ವಿಶೇಷ ಕೊಬ್ಬು ಇರುತ್ತದೆ. ಅದೇ ಅದರ ಸೌದೆ. ಆ ಸೌದೆಗೆ ಬೆಂಕಿ ತಗುಲಿಸುವುದು ನಾರ್‌ಅಡ್ರಿನಲಿನ್ ಮತ್ತು ಥೈರಾಯ್ಡ್ ಹಾರ್ಮೋನುಗಳು. ಹೆರಿಗೆ ನೋವು ಬರುವುದು ತಾಯಿಗೆ ಎಂದು ನಾವು ತಿಳಿದಿದ್ದೇವೆ, ಆದರೆ ಆ ಒತ್ತಡ ಮಗುವಿನ ಮೇಲೂ ಬೀಳುತ್ತದೆ. ಅದರ ರಕ್ತದಲ್ಲಿ ಈ ಹಾರ್ಮೋನುಗಳು ಉಕ್ಕುತ್ತವೆ. ಶ್ವಾಸಕೋಶದ ನೀರು ಇಂಗುವುದಕ್ಕೂ ಮೈ ಬಿಸಿಯಾಗಿ ಉಳಿಯುವುದಕ್ಕೂ ಅವು ಬೇಕು. ನೋವು ಶುರುವಾಗುವ ಮೊದಲೇ ಮಾಡುವ ನಿಗದಿತ ಸಿಸೇರಿಯನ್‌ನಲ್ಲಿ ಮಗುವಿಗೆ ಈ ಸಿದ್ಧತೆ ಕಡಿಮೆ. ಹೊಟ್ಟೆಯೊಳಗೆ ಅದು ತಾಯಿಗಿಂತ ಸುಮಾರು ಅರ್ಧ ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಅಲ್ಲಿಂದ ನಿದ್ದೆಗಣ್ಣಿನಲ್ಲಿಯೇ ಎಬ್ಬಿಸಿ ಚಳಿಗೆ ತಂದಂತೆ. ಸಿಸೇರಿಯನ್ ಮೂಲಕ ಹುಟ್ಟಿದ ಶಿಶುಗಳ ಮೈ ಸಹಜವಾಗಿ ಹುಟ್ಟಿದವುಗಳಿಗಿಂತ ತಣ್ಣಗಿರುತ್ತದೆ ಎಂಬುದನ್ನು 1993ರಷ್ಟು ಹಿಂದೆಯೇ ಅಳೆದು ಪ್ರಕಟಿಸಿದ್ದಾರೆ. ನೋವು ಬಂದು ಸಾಕಷ್ಟು ಹೊತ್ತಾದ ಮೇಲೆ ತುರ್ತಾಗಿ ಸಿಸೇರಿಯನ್ ಮಾಡಿದರೆ ಹಾರ್ಮೋನಿನ ಲೆಕ್ಕ ಬೇರೆ, ಕೊಠಡಿಯ ಚಳಿ ಮಾತ್ರ ಅದೇ.

ತಣ್ಣಗಾದರೆ ಏನಾಗುತ್ತದೆ ಎಂದರೆ, ಕಂದು ಕೊಬ್ಬು ಉರಿಯುವುದಕ್ಕೆ ಆಮ್ಲಜನಕವೂ ಸಕ್ಕರೆಯೂ ಬೇಕು. ಹಾಗಾಗಿ ಉಸಿರು ವೇಗವಾಗುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಮಗು ಮಂಕಾಗಿ ಹಾಲು ಚೀಪುವುದಿಲ್ಲ. ಹಾಲು ಒಳಗೆ ಹೋಗದಿದ್ದರೆ ಮತ್ತಷ್ಟು ತಣ್ಣಗಾಗುತ್ತದೆ. ನಿಮ್ಮ ಮಗಳಿಗೆ ಹಿಮ್ಮಡಿ ಚುಚ್ಚಿದ್ದು ಇದಕ್ಕಾಗಿಯೇ.


ಅರಸೀಕೆರೆಯ ಓದುಗ
ಮಂಗಳವಾರ, ಸಂಜೆ 5:50

ಹಾಗಾದರೆ ತಪ್ಪು ಸಿಸೇರಿಯನ್‌ನದೇ ಆಯಿತಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಾಸರಿ ಶೇ 21.5, ನಮ್ಮ ರಾಜ್ಯದ್ದು ಶೇ 31.5. ಮೂರು ಮಕ್ಕಳಲ್ಲಿ ಒಂದು ಕತ್ತರಿಯಿಂದ ಹುಟ್ಟುತ್ತಿದೆ. ನಮ್ಮ ಅಜ್ಜಿಯರು ಮನೆಯಲ್ಲಿಯೇ ಹೆತ್ತರು. ಈ ತೊಂದರೆಯ ಬೇರು ಅಲ್ಲಿದೆ.


ಕೊಟ್ಟಿಗೆಹಾರದ ತಾಯಿ
ಮಂಗಳವಾರ, ರಾತ್ರಿ 8:30

ಅರಸೀಕೆರೆಯವರೇ, ನನ್ನದು ಸಹಜ ಹೆರಿಗೆ. ಆಗಸ್ಟ್ ತಿಂಗಳು, ರಾತ್ರಿ ಎರಡೂವರೆ ಗಂಟೆ, ರಸ್ತೆಗೆ ಮರ ಬಿದ್ದಿತ್ತು. ಆಂಬುಲೆನ್ಸ್ ಮರದ ಆಚೆ ನಿಂತಿತ್ತು, ನಾನು ಈಚೆ ಜೀಪಿನಲ್ಲಿ. ಮಗು ಜೀಪಿನಲ್ಲಿಯೇ ಹುಟ್ಟಿತು. ನನ್ನ ಅತ್ತೆ ತಮ್ಮ ಸೀರೆಯ ಸೆರಗಿನಿಂದ ಸುತ್ತಿದರು, ಆ ಸೆರಗು ಮಳೆಗೆ ನೆನೆದಿತ್ತು. ಆಸ್ಪತ್ರೆ ಸೇರುವ ಹೊತ್ತಿಗೆ ಮಗನ ಅಂಗೈ, ತುಟಿ ನೀಲಿಯಾಗಿದ್ದವು. ಅಳುವ ದನಿ ಬೆಕ್ಕಿನ ಮರಿಯದರಂತೆ ಸಣ್ಣಗೆ ಬರುತ್ತಿತ್ತು. ನವಜಾತ ಶಿಶುಗಳ ಘಟಕದಲ್ಲಿ ನಾಲ್ಕು ದಿನ ಇಟ್ಟುಕೊಂಡರು.

ಕತ್ತರಿ ಮುಟ್ಟದ ಮಗುವೂ ತಣ್ಣಗಾಗುತ್ತದೆ. ನನ್ನ ಮಗನನ್ನು ಆ ರಾತ್ರಿ ನನ್ನ ಎದೆಗೆ, ರವಿಕೆಯ ಒಳಗೆ ಸೇರಿಸಿಕೊಳ್ಳಿ ಎಂದು ಹೇಳುವವರು ಒಬ್ಬರಿದ್ದಿದ್ದರೆ ಸಾಕಿತ್ತು. ನನಗೆ ಗೊತ್ತಿರಲಿಲ್ಲ. ಮಗು ಅತ್ತೆಯ ಮಡಿಲಲ್ಲಿತ್ತು, ನಾನು ಪಕ್ಕದಲ್ಲಿಯೇ ಒಣ ಕಂಬಳಿ ಹೊದ್ದು ಮಲಗಿದ್ದೆ.


ಮಕ್ಕಳ ವೈದ್ಯ, ಚಿಕ್ಕಮಗಳೂರು
ಮಂಗಳವಾರ, ರಾತ್ರಿ 10:10

ಕೊಟ್ಟಿಗೆಹಾರದ ತಾಯಿಯವರೇ, ನಿಮ್ಮ ತಪ್ಪು ಏನೂ ಇಲ್ಲ. ಹೇಳಬೇಕಾದವರು ಗರ್ಭಿಣಿಯ ತಪಾಸಣೆಗೆ ಬಂದಾಗಲೇ ಹೇಳಬೇಕಿತ್ತು. ನಾವು ವೈದ್ಯರು ಕಬ್ಬಿಣದ ಮಾತ್ರೆಯ ಬಗ್ಗೆ ಹತ್ತು ಬಾರಿ ಹೇಳುತ್ತೇವೆ, ಎದೆಗಪ್ಪಿಕೊಳ್ಳುವುದರ ಬಗ್ಗೆ ಒಮ್ಮೆಯೂ ಹೇಳುವುದಿಲ್ಲ.

ಅರಸೀಕೆರೆಯವರ ಕಳಕಳಿ ನನಗೂ ಇದೆ, ಬೇಡದ ಸಿಸೇರಿಯನ್ ಬೇಡವೇ ಬೇಡ. ಆದರೆ ಈ ತಂಗಿಯ ಮಗು ಕಾಲು ಕೆಳಗಾಗಿದೆ. ಅವರಿಗೆ ಅಪರಾಧಿ ಭಾವ ಹುಟ್ಟಿಸುವುದರಿಂದ ಮಗು ಬೆಚ್ಚಗಾಗುವುದಿಲ್ಲ. ಅಜ್ಜಿಯರ ಕಾಲದ ಹೆರಿಗೆಗಳಲ್ಲಿ ಉಳಿಯದೆ ಹೋದ ಕೂಸುಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.


ಅರಿವಳಿಕೆ ವಿಭಾಗದಲ್ಲಿ ಕೆಲಸ, ಹಾಸನ
ಬುಧವಾರ, ಬೆಳಿಗ್ಗೆ 7:45

ಶಸ್ತ್ರಚಿಕಿತ್ಸಾ ಕೊಠಡಿ ಅಷ್ಟು ತಣ್ಣಗಿರುವುದು ಏಕೆ ಎಂಬುದನ್ನು ಯಾರೂ ಬರೆಯಲಿಲ್ಲ. ಎರಡು ಪದರ ನಿಲುವಂಗಿ, ಕೈಗವಸು, ಮುಖಗವಸು ಧರಿಸಿ ಪ್ರಖರ ದೀಪದ ಕೆಳಗೆ ನಿಲ್ಲುವ ಶಸ್ತ್ರಚಿಕಿತ್ಸಕರು ಬೆವರುತ್ತಾರೆ. ಅವರ ಅನುಕೂಲಕ್ಕೆ ಎಸಿಯನ್ನು 20ಕ್ಕೋ 19ಕ್ಕೋ ಇಡುತ್ತಾರೆ. ಹೆರಿಗೆಯಾಗುವ ಕೋಣೆ 25ರಿಂದ 28 ಡಿಗ್ರಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡುವಿನ ಅಂತರ ನೋಡಿ. ಅದಕ್ಕೆ ಬೆಲೆ ತೆರುವುದು ಮೂರು ಕಿಲೋ ತೂಕದ ಜೀವ.

ಅಮೆರಿಕದಲ್ಲಿ ಈ ಕುರಿತು ಒಂದು ಪ್ರಯೋಗ ನಡೆದು 2016ರಲ್ಲಿ ಪ್ರಕಟವಾಯಿತು. ಸಿಸೇರಿಯನ್ ಕೊಠಡಿಯನ್ನು 20 ಡಿಗ್ರಿಯಲ್ಲಿ ಇಟ್ಟಾಗ ಅರ್ಧದಷ್ಟು ಶಿಶುಗಳ ಉಷ್ಣತೆ ಸಹಜ ಮಟ್ಟಕ್ಕಿಂತ ಕೆಳಗಿತ್ತು. 23ಕ್ಕೆ ಏರಿಸಿದಾಗ ಅದು ಶೇ 35ಕ್ಕೆ ಇಳಿಯಿತು. ಮಧ್ಯಮದಿಂದ ತೀವ್ರ ಶೀತಬಾಧೆ ಶೇ 19ರಿಂದ ಶೇ 5ಕ್ಕೆ ಬಂತು. ಬದಲಾಯಿಸಿದ್ದು ಮೂರೇ ಮೂರು ಡಿಗ್ರಿ, ರಿಮೋಟಿನ ಗುಂಡಿ ಮೂರು ಬಾರಿ ಒತ್ತಿದಷ್ಟು.

ಇನ್ನೊಂದು ಸಂಗತಿ. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಕೆಳಭಾಗದ ರಕ್ತನಾಳಗಳು ಅಗಲವಾಗುತ್ತವೆ, ತಾಯಿಯ ಒಳಗಿನ ಕಾವು ಕಾಲುಗಳ ಕಡೆ ಹರಿದು ಚರ್ಮದಿಂದ ಹೊರಹೋಗುತ್ತದೆ. ನಡುಕ ಬರುವುದಕ್ಕೆ ಅದೂ ಒಂದು ಕಾರಣ. ತಣ್ಣಗಾದ ತಾಯಿಯ ಎದೆ ಮಗುವಿಗೆ ಪೂರ್ತಿ ಬೆಚ್ಚಗಿರುವುದಿಲ್ಲ. ಆದ್ದರಿಂದ ತಾಯಿಯನ್ನು ಬೆಚ್ಚಗಿಡುವುದು ಮಗುವಿನ ಆರೈಕೆಯ ಭಾಗವೇ. ರಕ್ತನಾಳಕ್ಕೆ ಹನಿಸುವ ದ್ರವವನ್ನು ಬೆಚ್ಚಗೆ ಮಾಡಿ ಕೊಡಬಹುದು, ಎದೆ ಮತ್ತು ಭುಜಗಳ ಮೇಲೆ ಹೊದಿಕೆ ಹೊದಿಸಬಹುದು. ನಾನು ಈಗ ಪ್ರತಿ ಸಿಸೇರಿಯನ್‌ಗೂ ಅರ್ಧ ಗಂಟೆ ಮೊದಲು ಹೋಗಿ ಎಸಿ ಏರಿಸುತ್ತೇನೆ. ಯಾರಾದರೂ ಇಳಿಸುತ್ತಾರೆ. ಮತ್ತೆ ಏರಿಸುತ್ತೇನೆ.


ಮಗಳ ಅಪ್ಪ, ಬೇಲೂರು
ಬುಧವಾರ, ರಾತ್ರಿ 9:00

ನನ್ನ ಹೆಂಡತಿಗೆ ಶಸ್ತ್ರಚಿಕಿತ್ಸೆಯ ನಂತರ ರಕ್ತಸ್ರಾವ ಹೆಚ್ಚಾಗಿ ಮಗುವನ್ನು ಎತ್ತಿಕೊಳ್ಳುವ ಸ್ಥಿತಿ ಇರಲಿಲ್ಲ. ಹೊರಗೆ ಬಂದ ದಾದಿ ನನ್ನನ್ನೇ ನೋಡಿ "ಅಂಗಿ ಬಿಚ್ಚಿ ಕುಳಿತುಕೊಳ್ಳಿ" ಎಂದರು. ನನಗೆ ಅರ್ಥವಾಗಲಿಲ್ಲ. ಎದುರಿಗೆ ನನ್ನ ಮಾವ, ಚಿಕ್ಕಪ್ಪ, ಊರಿನವರು. ಸಂಕೋಚವಾಯಿತು, ಆದರೂ ಬಿಚ್ಚಿದೆ. ಡೈಪರ್ ಮತ್ತು ಟೋಪಿ ಬಿಟ್ಟು ಮೈಮೇಲೆ ಬೇರೇನೂ ಇಲ್ಲದ ಮಗಳನ್ನು ನನ್ನ ಎದೆಯ ಮೇಲೆ ಬೋರಲಾಗಿ ಮಲಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಬೆನ್ನ ಮೇಲೆ ಹೊದಿಕೆ ಹೊದಿಸಿದರು. ಮೊದಲು ಅವಳ ಪಾದಗಳು ನನ್ನ ಹೊಟ್ಟೆಗೆ ತಣ್ಣಗೆ ತಾಗುತ್ತಿದ್ದವು. ಸುಮಾರು ಮುಕ್ಕಾಲು ಗಂಟೆಯ ಹೊತ್ತಿಗೆ ಆ ಎರಡು ತಣ್ಣನೆಯ ಬಿಂದುಗಳು ಎಲ್ಲಿವೆ ಎಂದು ಹುಡುಕಿದರೂ ಸಿಗಲಿಲ್ಲ. ಅವಳು ನಿದ್ದೆ ಹೋಗಿದ್ದಳು.

ಅಪ್ಪಂದಿರಿಗೆ ಇದನ್ನು ಮೊದಲೇ ತಿಳಿಸಿ. ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಲಿ.


ಆಶಾ ಕಾರ್ಯಕರ್ತೆ, ಆಲೂರು ತಾಲ್ಲೂಕು
ಗುರುವಾರ, ಬೆಳಿಗ್ಗೆ 11:30

ಥರ್ಮಾಮೀಟರ್ ಇಲ್ಲದ ಮನೆಗೆ ನಾನು ಹೇಳಿಕೊಡುವುದು ಕೈಯ ಪರೀಕ್ಷೆ. ನಿಮ್ಮ ಅಂಗೈಯ ಹಿಂಭಾಗವನ್ನು ಮಗುವಿನ ಹೊಟ್ಟೆಗೆ ಇಡಿ, ಆಮೇಲೆ ಪಾದಕ್ಕೆ. ಎರಡೂ ಬೆಚ್ಚಗಿದ್ದು ಪಾದ ಗುಲಾಬಿ ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ, ಕೂಡಲೇ ತಾಯಿಯ ಮೈಗೆ ಸೇರಿಸಿ ಹಾಲು ಕುಡಿಸಿ. ಹೊಟ್ಟೆಯೂ ತಣ್ಣಗಿದ್ದರೆ ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ, ಮನೆಯಲ್ಲಿ ಕಾಯಬೇಡಿ. 2.5 ಕಿಲೋಗಿಂತ ಕಡಿಮೆ ತೂಕದ ಮಗುವಾದರೆ ಇನ್ನೂ ಎಚ್ಚರ.

ಸ್ನಾನದ ವಿಷಯದಲ್ಲಿ ನನಗೆ ಮನೆಮನೆಯಲ್ಲಿಯೂ ಜಗಳ. ಹುಟ್ಟಿದ ದಿನವೇ ಎಣ್ಣೆ ಹಚ್ಚಿ, ಹಂಡೆ ನೀರು ಎರೆಯಲು ಅಜ್ಜಿಯಂದಿರು ಸಿದ್ಧರಾಗಿರುತ್ತಾರೆ. ಕಡಿಮೆಯೆಂದರೂ 24 ಗಂಟೆ ಬಿಡಿ. ಮೈಮೇಲಿನ ಬಿಳಿಯ ಜಿಡ್ಡು ಕೊಳೆಯಲ್ಲ, ಉಜ್ಜಿ ತೆಗೆಯಬೇಡಿ.


ಕೊಪ್ಪದ ಅಜ್ಜಿ
ಗುರುವಾರ, ಮಧ್ಯಾಹ್ನ 3:20

ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ನಮ್ಮಲ್ಲಿ ಒಂದು ಬಟ್ಟೆಯನ್ನೂ ತಂದಿಡುತ್ತಿರಲಿಲ್ಲ. ಕಣ್ಣಾದೀತು ಎಂಬ ಭಯ. ನನ್ನ ಎರಡನೆಯ ಕೂಸು ಹುಟ್ಟಿದಾಗ ಕುಲಾವಿ ಇರಲಿಲ್ಲ, ತಲೆಗೆ ಸುತ್ತಲು ಒಣಗಿದ ಬಟ್ಟೆಯೂ ಇರಲಿಲ್ಲ, ಮಳೆಗಾಲದಲ್ಲಿ ಎಲ್ಲವೂ ಹಸಿ. ಆ ಕೂಸು ನನಗೆ ದಕ್ಕಲಿಲ್ಲ. ಕಾರಣ ಅದೇ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಾರೆ. ಆದರೆ ನನ್ನ ಮೊಮ್ಮಗಳಿಗೆ ಏಳನೇ ತಿಂಗಳಲ್ಲಿಯೇ ಮೂರು ಕುಲಾವಿ ಹೊಲಿದು, ಒಗೆದು, ಬಿಸಿಲಿಗೆ ಹಾಕಿ, ಡಬ್ಬಿಯಲ್ಲಿಟ್ಟೆ. ಹಳೆಯ ಹತ್ತಿ ಸೀರೆಯವು. ಹೊಸ ಬಟ್ಟೆ ನೀರು ಹೀರುವುದಿಲ್ಲ.

ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡಬಹುದೇ ಎಂದು ಡಾಕ್ಟರನ್ನು ಕೇಳು ಎನ್ನುತ್ತಿದ್ದಾಳೆ.


ಮಕ್ಕಳ ವೈದ್ಯ, ಚಿಕ್ಕಮಗಳೂರು
ಗುರುವಾರ, ರಾತ್ರಿ 9:35

ಅಜ್ಜಿಯವರಿಗೆ ನಮಸ್ಕಾರ. ಆ ಮೂರು ಕುಲಾವಿಗಳಿಗೆ ನಾನು ತಲೆಬಾಗುತ್ತೇನೆ. ನವಜಾತ ಶಿಶುವಿನ ತಲೆ ಮೈಯ ಮೇಲ್ಮೈಯಲ್ಲಿ ಸುಮಾರು ಐದನೆಯ ಒಂದು ಭಾಗ, ಅದನ್ನು ಮುಚ್ಚಿದರೆ ದೊಡ್ಡ ಕಿಟಕಿಯನ್ನೇ ಮುಚ್ಚಿದಂತೆ.

ಅಗ್ಗಿಷ್ಟಿಕೆ ಮಾತ್ರ ಬೇಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಬಿಸಿನೀರಿನ ಬಾಟಲಿಯನ್ನು ಮಗುವಿಗೆ ತಾಗಿಸಿ ಇಡಬೇಡಿ, ಸುಟ್ಟ ಗಾಯಗಳೊಂದಿಗೆ ಬಂದ ಮಕ್ಕಳನ್ನು ನೋಡಿದ್ದೇನೆ. ಅತಿಯಾಗಿ ಹೊದಿಸಿ ಕುತ್ತಿಗೆ ಬೆವರುವಂತೆ ಮಾಡುವುದೂ ತಪ್ಪು.

ತಾಯಿಯ ಎದೆಯೇ ಎಲ್ಲಕ್ಕಿಂತ ಸುರಕ್ಷಿತ. ಕಾಂಗರೂ ಆರೈಕೆ ಎಂದು ಈಗ ಕರೆಯುವ ಈ ಪದ್ಧತಿಯನ್ನು ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಆರಂಭಿಸಿದರು, ಇನ್‌ಕ್ಯುಬೇಟರ್‌ಗಳು ಸಾಲದೆ ಹೋದದ್ದರಿಂದ. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ತಕ್ಷಣದಿಂದಲೇ ಇದನ್ನು ಆರಂಭಿಸಿದಾಗ ಮೊದಲ 28 ದಿನಗಳ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು.


ಹಾನುಬಾಳಿನ ಅಕ್ಕ
ಹದಿನೇಳು ದಿನಗಳ ನಂತರ, ಭಾನುವಾರ ಸಂಜೆ 6:10

ಎಲ್ಲರಿಗೂ ತಿಳಿಸುವುದು ನನ್ನ ಕರ್ತವ್ಯ. ಮೊನ್ನೆ ಶುಕ್ರವಾರ ತಂಗಿಗೆ ಗಂಡು ಮಗು, 2 ಕಿಲೋ 900 ಗ್ರಾಂ.

ಹಿಂದಿನ ವಾರವೇ ವೈದ್ಯರ ಬಳಿ ಹೋಗಿ ಕೇಳಿದೆವು. ಕೇಳುವಾಗ ತಂಗಿಯ ದನಿ ನಡುಗುತ್ತಿತ್ತು. ಅವರು ಬೇಸರಪಟ್ಟುಕೊಳ್ಳಲಿಲ್ಲ, ಎಸಿ 24ರಲ್ಲಿ ಇಡಿಸುತ್ತೇನೆ, ಮಗು ಅತ್ತರೆ ಎದೆಗೆ ಕೊಡಿಸುತ್ತೇನೆ ಎಂದರು. ಅಮ್ಮ ನಾಲ್ಕು ತುಂಡು ಹಳೆಯ ಪಂಚೆ, ಎರಡು ಕುಲಾವಿಗಳನ್ನು ಕುದಿಸಿ ಒಣಗಿಸಿ ಚೀಲದಲ್ಲಿ ಕಟ್ಟಿದ್ದರು.

ತಂಗಿ ಹೇಳಿದಂತೆ ಬರೆಯುತ್ತೇನೆ. ಮಗುವನ್ನು ಒರೆಸಿ, ಕುಲಾವಿ ಹಾಕಿ, ಪರದೆಯ ಈಚೆ ಅವಳ ಎದೆಯ ಮೇಲೆ ಅಡ್ಡಲಾಗಿ ಮಲಗಿಸಿದರು. ಇಪ್ಪತ್ತು ನಿಮಿಷ ಇತ್ತು. ಆಮೇಲೆ ಅವಳಿಗೆ ವಾಂತಿ ಬಂದದ್ದರಿಂದ ತೆಗೆದರು. ನಾವು ಎಣಿಸಿದಂತೆ ಎಲ್ಲವೂ ನಡೆಯಲಿಲ್ಲ. ಆದರೆ ಬೇಲೂರಿನ ಅಪ್ಪ ಬರೆದದ್ದನ್ನು ಭಾವ ಓದಿದ್ದರು, ಗುಂಡಿ ಅಂಗಿಯಲ್ಲಿಯೇ ಬಂದಿದ್ದರು. ಅವರ ಎದೆಯಿಂದ ವಾರ್ಡಿಗೆ, ಅಲ್ಲಿಂದ ಮತ್ತೆ ತಂಗಿಯ ಎದೆಗೆ. ಒಂದು ಗಂಟೆಯ ಹೊತ್ತಿಗೆ 36.7. ಅಮ್ಮ ಪಾದ ಮುಟ್ಟಿ ನೋಡಿದರು, ಏನೂ ಹೇಳಲಿಲ್ಲ, ಇನ್ನೊಂದು ಪಾದವನ್ನೂ ಮುಟ್ಟಿ ನೋಡಿದರು.


ನಿವೃತ್ತ ದಾದಿ, ಮೂಡಿಗೆರೆ ಕಡೆ
ಭಾನುವಾರ, ರಾತ್ರಿ 7:30

ಬಹಳ ಸಂತೋಷವಾಯಿತು. ಮನೆಗೆ ಹೊರಡುವ ದಿನ ಕಾರಿನ ಗಾಜು ಏರಿಸಿರಿ, ಮಗುವನ್ನು ಬುಟ್ಟಿಯಲ್ಲಿ ಬೇರೆ ಮಲಗಿಸಬೇಡಿ. ಸಕಲೇಶಪುರದಿಂದ ಮೇಲೆ ಮಂಜು ಇರುತ್ತದೆ. ರಾತ್ರಿ ಹಾಲು ಕುಡಿಸುವಾಗ ಒದ್ದೆ ಬಟ್ಟೆ ಬದಲಿಸಿದ ಮೇಲೆಯೇ ಎದೆಗೆ ಹಾಕಿಕೊಳ್ಳಲು ತಂಗಿಗೆ ಹೇಳಿ. ಆ ಎರಡು ಕುಲಾವಿ ಸಾಲುವುದಿಲ್ಲ, ಈ ಮಳೆಗೆ ಒಣಗುವುದಿಲ್ಲ, ಇನ್ನೂ ಎರಡು ಹೊಲಿಯಲಿ ಅಮ್ಮ.